ಸೊಟ್ಟ ಚತುರ್ಭುಜದ ಮಧ್ಯಬಿಂದುಗಳು

ಆಗ ನಾನು ಕೊಚ್ಚಿಯಲ್ಲಿ, ಎಡಪ್ಪಳ್ಳಿಯ ಮಗನ ಫ್ಲ್ಯಾಟಿನಲ್ಲಿದ್ದೆ. ತಿರುವನಂತಪುರದಿಂದ ಮಗಳ ಫೋನು. "ಅಮ್ಮಾ, ನಾಳಿದ್ದು ಇವಳಿಗೆ ಮ್ಯಾಥ್ಸ್ ಪ್ರಾಕ್ಟಿಕಲ್. ಸ್ಕೂಲಿಗೇ ಹೋಗಲ್ಲ ಅಂತ ಕೂತಿದಾಳೆ. ನೀನು ಹೇಳಿದ್ರೆ ಕೇಳ್ತಾಳೇನೋ, ಬಾ."

ಮೊಮ್ಮಗಳು ಒಂಬತ್ತನೇ ಕ್ಲಾಸು. ಜಿಯೊಮೆಟ್ರಿಯನ್ನು ಕಾನ್ವೆಂಟಿನಲ್ಲಿ ನಾನೂ ಪ್ರೀತಿಯಿಂದ ಕಲಿತವಳೇ. ಆದರೂ ಮರೆತಿದ್ದರೆ ಏನು ಗತಿ ಎಂದು ಟ್ರೈನಿನುದ್ದಕ್ಕೂ ಮಗಳು ಫೋನಿನಲ್ಲಿ ಹೇಳಿದ ಥಿಯರಮ್ಮನ್ನು ಜಪಿಸಿದೆ: ಚತುರ್ಭುಜ ಎಷ್ಟೇ ಸೊಟ್ಟಗಿರಲಿ, ನಾಲ್ಕು ಬದಿಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಪ್ಯಾರಲೆಲೋಗ್ರಾಮ್ ಬರಲೇಬೇಕು.

ಪಟ್ಟಂ ಬಡಾವಣೆಯ ಮಗಳ ಮನೆಯಲ್ಲಿ ಹುಡುಗಿ ಕಣ್ಣು ಊದಿಸಿಕೊಂಡು ಕೂತಿದ್ದಳು.

"ಅಮ್ಮೂಮ್ಮಾ, ಇದು ಶರಿಯಾವಿಲ್ಲ." ಅಜ್ಜಿ, ಇದು ಸರಿಹೋಗಲ್ಲ.

ನನ್ನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಮಲಯಾಳಂ. ಸಿಟ್ಟು ಬಂದರೆ ಇಂಗ್ಲಿಷ್. "ಎವ್ರಿಬಡಿ ಗೆಟ್ಸ್ ಇಟ್. ಓನ್ಲಿ ಐ ಡೋಂಟ್!" ಟೀಚರು ಕ್ಲಾಸಿನ ಮುಂದೆಯೇ, "ಈ ಮೇಡಮ್‌ಗೆ ಬೇರೆ ಥಿಯರಮ್ಮು" ಎಂದು ನಗಾಡಿದ್ದರಂತೆ.

ಅವಳ ಚಿತ್ರದ ಮೇಲೆ ಸೆಟ್‌ಸ್ಕ್ವೇರ್ ಜಾರಿಸಿ ನೋಡಿದೆ. ಎದುರುಬದುರಿನ ಗೆರೆಗಳು ನಿಜಕ್ಕೂ ಸಮಾಂತರವಾಗಿರಲಿಲ್ಲ. ನಾನೇ ತಪ್ಪು ನೆನಪಿಟ್ಟುಕೊಂಡಿದ್ದೇನೆಯೇ?

"ನನ್ನೆದುರಿಗೇ ಇನ್ನೊಂದು ಅಳೆದು ಬರಿ ಪುಟ್ಟಾ."

ಜಿಯೊಮೆಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲು ತೆಗೆದಳು. ಬದಿಯ ಮೂಲೆಯನ್ನು ಸ್ಕೇಲಿನ ತುದಿಗೇ ಹೊಂದಿಸಿದಳು. ಸೊನ್ನೆ ಇದ್ದದ್ದು ಇನ್ನೂ ಸ್ವಲ್ಪ ಒಳಗೆ.

ಅವಳಪ್ಪ ಸೈಂಟಿಸ್ಟ್. ಮನೆಯಲ್ಲಿ ಅವಳು ಅಳತೆ ಕಲಿತದ್ದು ಅವನ ಸ್ಟೀಲ್ ಸ್ಕೇಲಿನಲ್ಲಿ. ಅದರ ಸೊನ್ನೆ ತುದಿಯಲ್ಲೇ ಶುರು. ಕೈ ಅದಕ್ಕೇ ಪಳಗಿತ್ತು. ಹಾಗಾಗಿ ಪ್ಲಾಸ್ಟಿಕ್ ಸ್ಕೇಲು ಹಿಡಿದಾಗ ಪ್ರತಿ ಮಧ್ಯಬಿಂದುವೂ ಒಂದಿಷ್ಟು ಆಚೆ ಬೀಳುತ್ತಿತ್ತು.

"ಸೊನ್ನೆ ಎಲ್ಲಿದೆ, ತೋರ್ಸು?"

ತೋರಿಸಿದಳು. ತೋರಿಸಿದ ಬೆರಳು ಅಲ್ಲೇ ನಿಂತಿತು. "ಅಯ್ಯೋ!" ಎಂದಳು. ಮರುಕ್ಷಣ ಅನುಮಾನ. ನನ್ನನ್ನು ಸೋಲಿಸಲೆಂದೇ ಒಂದು ಮೂಲೆ ಒಳಕ್ಕೆ ಕುಸಿದ, ಬಾಣದ ತುದಿಯಂಥ ಆಕೃತಿ ಬರೆದಳು. "ಇದಿಲುಂ ವರುಮೋ?" ಇದರಲ್ಲೂ ಬರುತ್ತಾ?

ನಮ್ಮ ಕಾನ್ವೆಂಟಿನ ಸಿಸ್ಟರ್ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದೆಲ್ಲ ವೆಲ್-ಬಿಹೇವ್ಡ್ ಆಕೃತಿಗಳು. ಇಂಥದ್ದನ್ನು ನಾನು ಕಂಡೇ ಇರಲಿಲ್ಲ. ಬರದೇ ಹೋದರೆ ಹುಡುಗಿ ನಾಳೆ ಮನೆಯಲ್ಲೇ.

"ಅಳೆದು ನೋಡು," ಎಂದೆ.

ಈ ಸಲ ಸೊನ್ನೆಯಿಂದ ಅಳೆದು ಸೇರಿಸಿದಳು. ಸೆಟ್‌ಸ್ಕ್ವೇರ್ ಜಾರಿಸಿದಳು, ತಿರುಗಿಸಿ ಮತ್ತೆ ಜಾರಿಸಿದಳು. ಬಂದ ಆಕೃತಿಯ ತುಸು ಭಾಗ ಬಾಣದಿಂದ ಹೊರಗೆ ಇಣುಕುತ್ತಿತ್ತು, ಆದರೆ ಪ್ಯಾರಲೆಲೋಗ್ರಾಮೇ. ಸ್ಕೇಲು ಬಾಕ್ಸಿಗೆ ಹಾಕಿ ಅವಳು ಅಡುಗೆಮನೆಯತ್ತ ಕೂಗಿದಳು:

"ಅಮ್ಮೇ, ನಾಳೆಗೆ ಯೂನಿಫಾರ್ಮ್ ಇಸ್ತ್ರಿ ಆಗಿದ್ಯಾ?"