ಕೇಳದೆ ಬರಬೇಕಾದ ಮರ

ಬದನಗುಪ್ಪೆಯಲ್ಲಿ ಕೆಲಸ ಮುಗಿಸಿ ಬರುವಾಗ ಬಸ್ಸು ಸಾಮಿಲ್ಲಿನ ಮುಂದೆ ನಿಂತಿತು. ಒಳಗೆ ಹಲಸಿನ ದಿಮ್ಮಿ ಕುಯ್ಯುತ್ತಿದ್ದರು. ಹಸಿ ಹೊಟ್ಟಿನ ಸಿಹಿ ವಾಸನೆ ಕಿಟಕಿಯಿಂದ ಬಂತು. ಸೊಂಟ ನೋವು, ತಲೆನೋವು, ಸಾಲದ್ದಕ್ಕೆ ಆಚಾರಿ ತಾತನ ನೆನಪು ಬೇರೆ...

ಹರದನಹಳ್ಳಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಬಾಗಿಲು, ತೊಟ್ಟಿಲು, ನೇಗಿಲು, ಎಲ್ಲಕ್ಕೂ ಅವರೇ. ನಮ್ಮ ಬೀದಿಯ ಗುಡಿಯ ಅಮ್ಮನ ಪಲ್ಲಕ್ಕಿಗೆ ಗೆದ್ದಲು ಹಿಡಿದಾಗ ಹೊಸದನ್ನು ಮಾಡಲು ಅವರಿಗೇ ಹೇಳಿದರು. ಅವರ ಮನೆತನದಲ್ಲಿ ಒಂದು ಕಟ್ಟು ಇತ್ತು. ದೇವರ ಕೆಲಸಕ್ಕೆ ಮರ ಕೇಳಬಾರದು, ಕೊಳ್ಳಲೂಬಾರದು. ಮರದವರೇ ಬಂದು ಕೊಡಬೇಕು, ಅದೂ ಹಲಸೇ ಆಗಬೇಕು. ಪಲ್ಲಕ್ಕಿಗೆ ಆಗುವಂಥ ಹಲಸು ಇದ್ದದ್ದು ನಮ್ಮ ಹಿತ್ತಲಲ್ಲಿ ಮಾತ್ರ.

ಮಧ್ಯಾಹ್ನ ಊಟವಾದ ಮೇಲೆ ಅದರ ನೆರಳಿಗೆ ಬಂದು ಕೂರುತ್ತಿದ್ದರು. ಗೊತ್ತಿದ್ದೂ ಗೊತ್ತಿದ್ದೂ ಒಮ್ಮೆ ಕೇಳಿದೆ, “ಯಾರ್ನಾರ ಕೇಳ್ಬಾರ್ದಾ ತಾತ?”

“ದ್ವಾರಕೆ ಕಟ್ವಾಗ ಸಮುದ್ರಾನೇ ಇಂದಕ್ಕೆ ಸರ್ದು ಜಾಗ ಬುಡ್ತು. ಕೇಳ್ದೋನು ಕೃಷ್ಣ, ವಿಶ್ವಕರ್ಮ ಅಲ್ಲ. ಒದಗ್ಸೋದು ದೇವ್ರ ಕೆಲ್ಸ ಕಣವ್ವ, ಕೆತ್ತೋದಷ್ಟೇ ನಮ್ದು” ಅಂದರು.

ನನಗೆ ಅರ್ಥವಾಯಿತು. ಆದರೂ ಕೊಡುತ್ತೇನೆ ಎನ್ನಲಿಲ್ಲ. ಅಪ್ಪ ನೆಟ್ಟ ಮರ, ಈ ವರ್ಷದ ಹಣ್ಣು ಮುಗಿಯಲಿ ಎಂದುಕೊಂಡೆ. ಮರುವರ್ಷವೂ ಬುಡದ ತನಕ ಕಾಯಿ ಬಿಟ್ಟಿತು... ಆಸೆ ಅನ್ನಿ, ಜಿಪುಣತನ ಅನ್ನಿ. ತಾತ ಮಾತ್ರ ದಿನಾ ಉಳಿ ಮಸೆದು ಎಣ್ಣೆ ಸವರಿ ಇಡುತ್ತಿದ್ದರು.

ಮೂರನೆಯ ವರ್ಷ ಒಂದು ದಿನ ಕಾಫಿ ಕೊಟ್ಟೆ. ಲೋಟ ನಡುಗಿ ಅರ್ಧ ಕಾಫಿ ಅವರ ಪಂಚೆಯ ಮೇಲೆ ಚೆಲ್ಲಿತು. ಬಲಗೈ ನಿಲ್ಲುತ್ತಲೇ ಇರಲಿಲ್ಲ. ಅವತ್ತೇ ಸಂಜೆ ಅವರ ಮನೆಗೆ ಹೋಗಿ, ಮರ ತಗೊಳ್ಳಿ ತಾತ ಎಂದೆ.

ಅವರು ಬುಡಕ್ಕೆ ಅರಿಸಿನ ಕುಂಕುಮ ಇಟ್ಟು, ಮರದಲ್ಲಿ ವಾಸವಿರುವವರೆಲ್ಲ ಬೇರೆ ಕಡೆ ಹೋಗಿ ಎಂದು ಕೈಮುಗಿದು, ಮಾರನೆಯ ಬೆಳಿಗ್ಗೆ ಕಡಿಸಿದರು. ಹಲಗೆಗಳು ನೆರಳಲ್ಲಿ ಒಣಗಿದವು. ಮೊದಲನೆಯ ಹಲಗೆಯ ಮೇಲೆ ತಾವರೆ ಬರೆದು ಉಳಿ ಇಟ್ಟರು. ಎಸಳು ಸೊಟ್ಟಗಾಯಿತು. ಇನ್ನೊಂದು ಎಸಳಿಗೆ ಇಟ್ಟರು, ಅದು ಸೀಳಿಯೇ ಹೋಯಿತು.

“ಮರ ಬಂತು ಕಣವ್ವ, ಕೈ ಓಗ್ಬುಡ್ತು. ಎರಡ್ನೂವೆ ದೇವ್ರು ಕೊಟ್ಟಿದ್ದ... ಕಾಲ ಕೂಡ್ಬರ್ನಿಲ್ಲ” ಎಂದು ಉಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದೇವರು ತಡಮಾಡಿರಲಿಲ್ಲ, ತಡಮಾಡಿದವಳು ನಾನು.

ತಾತ ಹೋಗಿ ಬಹಳ ವರ್ಷವಾಯಿತು. ಹಲಗೆಗಳು ಗುಂಡ್ಲುಪೇಟೆಗೆ ಹೋಗಿ, ಮೆಷಿನ್ನಿನಲ್ಲಿ ಕೆತ್ತಿಸಿಕೊಂಡು ಪಲ್ಲಕ್ಕಿಯಾಗಿ ಬಂದವು. ಚೆನ್ನಾಗಿಯೇ ಇದೆ. ಅಮ್ಮ ಮೆರವಣಿಗೆ ಹೊರಡುವ ದಿನ ಮೊದಲ ತಾಂಬೂಲ ಮರ ಕೊಟ್ಟವರಿಗೆ. “ಕೇಳ್ದೇನೇ ಕೊಟ್ಟ ಮಹಾತಾಯಿ” ಎಂದು ಬೀದಿಯ ಯಜಮಾನರು ಎಲ್ಲರ ಮುಂದೆ ಕರೆಯುತ್ತಾರೆ. ಬೇಡ ಎನ್ನುವ ಧೈರ್ಯ ಒಂದು ವರ್ಷವೂ ಬರಲಿಲ್ಲ. ಈ ಸಲವೂ ಸೆರಗೊಡ್ಡಿ ತೆಗೆದುಕೊಂಡೆ.