ಶಾಂತ ಸಿಸ್ಟರ್

ಸವದತ್ತಿ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಕೆಲಸದ ಒತ್ತಡ ಹೆಚ್ಚಾದರೆ ಜೊತೆಯ ಮಹಾದೇವಿ ಬಾಯಿ ಮಾಡುತ್ತಾಳೆ, ನಾನು ಸುಮ್ಮನಾಗುತ್ತೇನೆ. ಹೀಗಾಗಿ ಒಳ್ಳೆಯ ಹೆಸರೆಲ್ಲ ನನಗೇ.

ಹೋದ ಬೇಸಿಗೆಯಲ್ಲಿ ಇಬ್ಬರು ರಜೆ ಹಾಕಿದ್ದರಿಂದ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನದ ಪಾಳಿಗೂ ನಾನೇ ನಿಂತಿದ್ದೆ. ಚಚಡಿಯಿಂದ ಬಂದಿದ್ದ ಒಬ್ಬ ಅಜ್ಜನಿಗೆ ಇಂಜೆಕ್ಷನ್ ಕೊಡಲು ಹೋದೆ. ಹೆಸರು ಕೇಳಿ ಸೂಜಿ ಎತ್ತಿದಾಗ ಅಜ್ಜ ತೋಳು ಹಿಂದಕ್ಕೆಳೆದುಕೊಂಡರು.

"ಯವ್ವಾ, ಆ ಒದರೋ ಅಕ್ಕಾರನ್ನ ಕರೀರಿ. ಅವರ ಕಡೆ ಮಾಡಿಸ್ಕೋತೇನಿ."

"ಯಾಕ್ರಿ ಅಜ್ಜಾರ? ನಾ ಏನರ ಬೈದ್ನೇನು?"

"ಬೈದಿಲ್ಲ ಯವ್ವಾ. ಮೂರು ಸಲ ಹೆಸರು ಕೇಳಿದ್ರಿ, ಮೂರು ಸಲನೂ ಹೇಳೇನಿ. ನಿಮಗ ಖಬರೇ ಇಲ್ಲ. ನನಗ ಅಂಜಿಕಿ ಬರಾಕತ್ತೈತಿ."

ಮೂರು ಸಲ ಕೇಳಿದ್ದು ನನಗೆ ನೆನಪೇ ಇರಲಿಲ್ಲ. ಕೈಯಲ್ಲಿದ್ದ ಚೀಟಿ ನೋಡಿದೆ. ಅದು ಪಕ್ಕದ ಹಾಸಿಗೆಯವರದು. ಸಿರಿಂಜಿನಲ್ಲಿದ್ದ ಔಷಧಿಯೂ ಅವರದೇ. ಮಹಾದೇವಿಯನ್ನು ಕರೆದೆ.

ಮಹಾದೇವಿ ಓಡಿ ಬಂದು ಸಿರಿಂಜು ಕಸಿದುಕೊಂಡಳು. "ಸಾಕಾಗೇತಿ ಅಂತ ಬಾಯಿ ಬಿಟ್ಟು ಹೇಳಾಕ ಏನಾಗೇತಿ ನಿನಗ? ಕುಂದ್ರು ಅಲ್ಲಿ!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. ಆಮೇಲೆ ಅಜ್ಜನ ಚೀಟಿಯನ್ನು ಎರಡು ಸಲ ಓದಿ, ಸರಿಯಾದ ಇಂಜೆಕ್ಷನ್ ಕೊಟ್ಟಳು. ಅಜ್ಜ ನನ್ನ ಕಡೆ ತಿರುಗಿ, "ಒಂದೀಟು ಚಾ ಕುಡೀರಿ ಯವ್ವಾ" ಎಂದರು. ಅಷ್ಟಕ್ಕೇ ನನಗೆ ಅಳು ಬಂತು.

ಆ ತಿಂಗಳ ಮೀಟಿಂಗಿನಲ್ಲಿ ದೊಡ್ಡ ಡಾಕ್ಟರು, ಶಾಂತವಾಗಿರುವುದನ್ನು ನನ್ನಿಂದ ಕಲಿಯಬೇಕೆಂದು ಮಹಾದೇವಿಗೆ ಬುದ್ಧಿ ಹೇಳಿದರು. ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಇದನ್ನೂ ಎಷ್ಟು ಶಾಂತವಾಗಿ ಹೇಳಿದಿರಿ ಎಂದು ಅವರು ಮೆಚ್ಚಿಕೊಂಡರು.