ಅತ್ತಿಗೆ ಹಾಲು, ಮಾಂಸ ಬಿಟ್ಟ ಸುದ್ದಿ

ಗೆಳೆಯರೇ, ಇಂದು ಈಸ್ಟರ್ ಊಟಕ್ಕೆ ಯಜಮಾನರ ಅಕ್ಕ ಮೈಸೂರಿನಿಂದ ಚೆನ್ನೈನ ಪೋರೂರಿನ ನಮ್ಮ ಮನೆಗೆ ಬಂದರು. "ಮಾಂಸ, ಮೊಟ್ಟೆ, ಹಾಲು ಎಲ್ಲಾ ಬಿಟ್ಟಿದೀನಿ ಕಣಮ್ಮ" ಎಂದು ಕಳೆದ ವಾರ ಫೋನಿನಲ್ಲಿ ಹೇಳಿದ್ದರು. ಎಲ್ಲರ ಆರೋಗ್ಯಕ್ಕೂ ಒಳ್ಳೆಯದೆಂದು, ಮಟನ್ ಕೇಳಿದ ಯಜಮಾನರ ಬಾಯಿ ಮುಚ್ಚಿಸಿ, ಎಳೆ ಹಲಸಿನಕಾಯಿ ಬಿರಿಯಾನಿ, ತರಕಾರಿ ಕುರ್ಮಾ, ತೆಂಗಿನ ಹಾಲಿನ ಪಾಯಸ ಮಾಡಿದೆ.

ಬಡಿಸುವಾಗ ಅತ್ತಿಗೆ ಕೇಳಿದರು, "ಮಟನ್ ಎಲ್ಲಮ್ಮ?"

"ನೀವು ಬಿಟ್ಟಿದೀರಲ್ಲ ಅತ್ತಿಗೆ!"

"ಅಯ್ಯೋ, ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಕ್ಕೆ! ಇವತ್ತಿಗೆ ಮುಗೀತಲ್ಲ."

"ಅಪ್ಪಾ ಪಾವಂ!" ಅಂದರೆ "ಪಾಪ ಅಪ್ಪ!" ಎಂದು ಮಗಳು ತಮಿಳಿನಲ್ಲಿ ಹೇಳಿ ನಕ್ಕಳು. ಅತ್ತಿಗೆಯೂ ನಗುತ್ತಲೇ ಮೂರು ಸಲ ಬಿರಿಯಾನಿ ಹಾಕಿಸಿಕೊಂಡರು. ಯಜಮಾನರು ಮಾತ್ರ "ನನಗೆ ಈಸ್ಟರ್ ನಾಳೆ" ಎಂದು ಘೋಷಿಸಿ, ಈಗ ಚೀಲ ಹಿಡಿದು ಮಟನ್ ಅಂಗಡಿಗೆ ಹೊರಟಿದ್ದಾರೆ.